ಮಾವಿನಕುರ್ವೆಯಲ್ಲಿ ಅಣ್ಣನ ಗಿಟಾರ್

ಸಾಗರದಿಂದ ಹೊನ್ನಾವರದ ಬಸ್ಸು ಹತ್ತಿದರೆ ಮಾವಿನ ಹೆಸರಿನ ಎರಡು ಊರುಗಳ ನಡುವೆ ಪ್ರಯಾಣ ಮಾಡಬಹುದು. ಘಟ್ಟದ ಮೇಲೆ, ಜೋಗದ ಹತ್ತಿರ, ಮಾವಿನಗುಂಡಿ. ಘಟ್ಟದ ಕೆಳಗೆ, ಶರಾವತಿ ಸಮುದ್ರ ಸೇರುವ ಕಡೆ, ಮಾವಿನಕುರ್ವೆ. ಮಾವಿನಗುಂಡಿ ದಾಟಿದ ಮೇಲೆ ಬಸ್ಸು ತಿರುವಿನ ಮೇಲೆ ತಿರುವು ಹಾಕುತ್ತ ಕಾಡಿನೊಳಗೆ ಇಳಿಯುತ್ತದೆ. ಗೇರುಸೊಪ್ಪೆ ಬಂದಾಗ ಕಿವಿಯ ಗುಂಯ್‌ಗುಡುವಿಕೆ ನಿಂತು ಸೆಕೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಅಡಿಕೆ ತೋಟ, ತೆಂಗಿನ ತೋಟಗಳ ಸಂದಿಯಲ್ಲಿ ಶರಾವತಿ ಆಗಾಗ ಮುಖ ತೋರಿಸುತ್ತ ನಮ್ಮ ಜೊತೆಗೇ ಬರುತ್ತಾಳೆ.

ಹೋದ ಮೇ ತಿಂಗಳಲ್ಲಿ ಈ ದಾರಿಯಲ್ಲಿ ಹೋಗುವಾಗ ನನ್ನ ಜೊತೆಗೆ ಎಂಟನೇ ಕ್ಲಾಸು ಮುಗಿಸಿದ ಮೊಮ್ಮಗಳಿದ್ದಳು. ಅವಳ ಕಾಲಬುಡದಲ್ಲಿ ನನ್ನ ಹಳೆಯ ತಗಡಿನ ಪೆಟ್ಟಿಗೆ. ಅದರೊಳಗೆ ಬೆಸುಗೆ ಕಡ್ಡಿ, ಮೀಟರು, ಸಣ್ಣ ಅರಗಳು, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಒಂದು ಸುರುಳಿ. ಸಾಗರದಲ್ಲಿ ಮೂವತ್ತೈದು ವರ್ಷ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ಅಂಗಡಿ ಮುಚ್ಚಿದರೂ ಪೆಟ್ಟಿಗೆ ಮುಚ್ಚಲು ಮನಸ್ಸು ಬಂದಿರಲಿಲ್ಲ.

"ಅಜ್ಜ, ಕುರ್ವೆ ಅಂದ್ರೆ ಏನು?" ಎಂದು ಅವಳು ಕೇಳಿದಳು.

ಕುರ್ವೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಇದನ್ನೇ ಕುದ್ರು ಎನ್ನುತ್ತಾರೆ. ಕುಮಟಾದಲ್ಲಿ ಅಘನಾಶಿನಿ ಹೊಳೆಯೊಳಗೆ ಐಗಳಕುರ್ವೆ ಇದೆ. ಭಟ್ಕಳದಲ್ಲಿಯೂ ಒಂದು ಮಾವಿನಕುರ್ವೆ ಇದೆ, ಅದು ಮೀನುಗಾರಿಕೆಯ ಬಂದರು. ನಾವು ಹೋಗುತ್ತಿದ್ದದ್ದು ಹೊನ್ನಾವರದ ಮಾವಿನಕುರ್ವೆಗೆ. ಅಲ್ಲಿ ನನ್ನ ಅತ್ತಿಗೆ ಇದ್ದಾರೆ. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು.

ಹೊನ್ನಾವರ ತುಂಬ ಹಳೆಯ ಊರು, ಮಕ್ಕಳೇ. ಏಳು ಶತಮಾನದಷ್ಟು ಹಿಂದೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆದಿಟ್ಟ. ಇದನ್ನು ಹೇಳಿದಾಗ ಮೊಮ್ಮಗಳು, "ಹಾಗಾದ್ರೆ ಗಂಡುಮಕ್ಕಳಿಗೆ ಯಾಕೆ 10 ಜಾಸ್ತಿ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಣ್ಣನ ಮಗ ದೋಣಿ ತಂದಿದ್ದ. ನೀರಿನ ಮೇಲೆಯೇ ಹೋಗಬೇಕೆಂದು ಮೊಮ್ಮಗಳ ಹಟ. ಕುರ್ವೆ ಹತ್ತಿರವಾಗುತ್ತಿದ್ದಂತೆ ತೆಂಗಿನ ಸಾಲು ಎತ್ತರವಾಗುತ್ತ ಬಂತು. ನೀರಿಗೆ ಕೈ ಅದ್ದಿ ನಾಲಿಗೆಗೆ ತಾಗಿಸಿದ ಮೊಮ್ಮಗಳು, "ಉಪ್ಪೇ ಇಲ್ವಲ್ಲ!" ಎಂದಳು. ಅಣ್ಣನ ಮಗ ನಕ್ಕ. ಮೊದಲು ಇಷ್ಟು ಸಪ್ಪೆ ಇರಲಿಲ್ಲವಂತೆ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದ ಮೇಲೆ, ಬೇಸಿಗೆಯಲ್ಲೂ ವಿದ್ಯುದಾಗಾರದಿಂದ ಸಿಹಿನೀರು ಬಿಡದೆ ಹರಿದು ಬರುತ್ತದೆ. ಹಾಗಾಗಿ ಅಳಿವೆಯ ಉಪ್ಪು ತೆಳುವಾಗಿದೆ, ಬಳಚು ಹೆಕ್ಕುವವರಿಗೆ ಬಳಚು ಕಡಿಮೆಯಾಗಿದೆ. ಆದರೆ ನೀರು ಸಪ್ಪೆಯಾದರೂ ಗಾಳಿ ಸಪ್ಪೆಯಾಗಲಿಲ್ಲ. ಸಮುದ್ರದಿಂದ ಬರುವ ಗಾಳಿ ಕಿಟಕಿಯ ಸರಳು, ಬೀಗದ ಕೈ, ಸೈಕಲ್ಲಿನ ಚೈನು ಎಲ್ಲವನ್ನೂ ಈಗಲೂ ತಿನ್ನುತ್ತದೆ. ಅಣ್ಣನ ಗಿಟಾರನ್ನೂ ಅದೇ ತಿಂದಿತ್ತು.

ಅತ್ತಿಗೆ ಅದನ್ನು ಮಾಳಿಗೆಯಿಂದ ಇಳಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಜಗುಲಿಯ ಮೇಲೆ ಇಟ್ಟಿದ್ದರು. ಮುರುಗಲ ಹಣ್ಣಿನ ಪಾನಕ ಕೊಟ್ಟರು. ಕುಡಿದ ಮೇಲೆ ಸೀರೆ ಬಿಚ್ಚಿದರು.

ಅಣ್ಣ ಮುಂಬಯಿಯಲ್ಲಿ ಕೆಲಸಕ್ಕಿದ್ದವನು 1978ರಲ್ಲಿ ಊರಿಗೆ ಬಂದಾಗ ತಂದದ್ದು ಎರಡೇ ವಸ್ತು. ಒಂದು ಹಾಸಿಗೆ ಸುರುಳಿ, ಇನ್ನೊಂದು ಈ ಎಲೆಕ್ಟ್ರಿಕ್ ಗಿಟಾರ್. ಕಲ್ಕತ್ತೆಯಲ್ಲಿ ತಯಾರಾದದ್ದನ್ನು ಯಾರದೋ ಕೈಯಿಂದ ಕೊಂಡಿದ್ದ. ಅಮೆರಿಕದ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರಿನ ಆಕಾರವನ್ನು ನೋಡಿ ಮಾಡಿದ್ದು. ಎರಡು ಕೊಂಬು, ಮೂರು ಪಿಕಪ್, ಮೂರು ಗುಂಡಿ. ಆಗ ವಿದೇಶದ ಗಿಟಾರ್ ನಮ್ಮಂಥವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಗಣೇಶೋತ್ಸವ ಬಂದರೆ ಹೊನ್ನಾವರ, ಕುಮಟಾ, ಭಟ್ಕಳದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ. ಅಲ್ಲಿ ರಾಜನ್–ನಾಗೇಂದ್ರರ ಹಾಡುಗಳಿಗೆ ಅಣ್ಣ ಗಿಟಾರ್ ನುಡಿಸುತ್ತಿದ್ದ. ಅಪ್ಪಯ್ಯನಿಗೆ ಅದು ಹಿಡಿಸುತ್ತಿರಲಿಲ್ಲ. "ಕರೆಂಟು ಇಲ್ದೆ ಕೂಗದ ವಾದ್ಯ ಎಂತಾ ವಾದ್ಯ?" ಎನ್ನುತ್ತಿದ್ದರು.

ಆಮೇಲೆ ಒಂದು ಮಳೆಗಾಲದಲ್ಲಿ ಅದು ಕೂಗುವುದನ್ನು ನಿಲ್ಲಿಸಿತು. ಅಣ್ಣ ನನಗೆ ಕಾಗದ ಬರೆದ: "ತಮಾ, ಒಂದ್ಸಲ ಬಂದು ನೋಡು. ನಿನ್ನ ಕೈಲಾದರೆ ಆದೀತು." ಹೋಗುತ್ತೇನೆ ಎಂದೆ. ಅಂಗಡಿ, ಮಕ್ಕಳ ಶಾಲೆ, ಮನೆ ಕಟ್ಟುವ ಸಾಲ. ಊರವರ ರೇಡಿಯೊಗಳನ್ನೆಲ್ಲ ರಿಪೇರಿ ಮಾಡಿದೆ. ಮದುವೆ, ತಿಥಿ ಎಂದು ಕುರ್ವೆಗೆ ಬಂದೆ, ಊಟ ಮಾಡಿ ಹೊರಟೆ. ಪೆಟ್ಟಿಗೆ ಒಮ್ಮೆಯೂ ತರಲಿಲ್ಲ. ಅಣ್ಣ ಎರಡನೇ ಸಲ ಕೇಳಲಿಲ್ಲ.

ಈ ಸಲ ಮೊಮ್ಮಗಳು ಗಿಟಾರ್ ಕಲಿಯಬೇಕು ಎಂದಾಗ ನನ್ನ ಬಾಯಿಂದ ತಾನಾಗಿಯೇ ಬಂತು, "ಕುರ್ವೆಯಲ್ಲಿ ಒಂದಿದೆ."

ಕಂಡದ್ದನ್ನು ಹೇಳುತ್ತೇನೆ. ಆರು ತಂತಿಗಳಲ್ಲಿ ಮೂರು ತುಕ್ಕು ಹಿಡಿದು ತುಂಡಾಗಿದ್ದವು. ತಿರುಪುಮೊಳೆಗಳು ಕೆಂಪು ಪುಡಿಯಾಗಿದ್ದವು. ಬಿಳಿಯಾಗಿದ್ದ ಬಣ್ಣ ಹಳೆಯ ಬೆಣ್ಣೆಯ ಹಾಗೆ ಹಳದಿ ತಿರುಗಿತ್ತು. ಮುಂದಿನ ಪ್ಲಾಸ್ಟಿಕ್ ತಗಡು ಸೀಳಿತ್ತು. ಕತ್ತು ಸ್ವಲ್ಪ ಬಿಲ್ಲಿನಂತೆ ಬಾಗಿತ್ತು. ಆಶ್ಚರ್ಯವಿಲ್ಲ. ಶ್ರುತಿ ಮಾಡಿದ ಆರು ತಂತಿಗಳು ಸೇರಿ ಆ ಕತ್ತನ್ನು ಸುಮಾರು 40 ಕಿಲೋ ಭಾರದಷ್ಟು ಜಗ್ಗುತ್ತವೆ. ಅದಕ್ಕೇ ಕತ್ತಿನ ಒಳಗೆ ಒಂದು ಉಕ್ಕಿನ ಸರಳು ಇಟ್ಟಿರುತ್ತಾರೆ, ಅದನ್ನು ತಿರುಗಿಸಿ ಬಾಗು ಸರಿ ಮಾಡಬಹುದು. ಮೊದಲ ದಿನ ಆ ಸರಳಿಗೂ ಮೊಳೆಗಳಿಗೂ ಸೀಮೆಎಣ್ಣೆಯ ಹನಿ ಬಿಟ್ಟು ಸುಮ್ಮನೆ ಕೂತೆವು. ತುಕ್ಕು ಹಿಡಿದ ಮೊಳೆಯ ತಲೆಗೆ ಕಾದ ಬೆಸುಗೆ ಕಡ್ಡಿ ಒಂದು ನಿಮಿಷ ಒತ್ತಿ ಹಿಡಿದರೆ ಅದು ಹಿಗ್ಗಿ, ಆರುವಾಗ ಕುಗ್ಗಿ, ಹಿಡಿತ ಬಿಡುತ್ತದೆ. ಅಂಗಡಿಯಲ್ಲಿ ಕಲಿತ ಉಪಾಯ. ಹನ್ನೊಂದು ಮೊಳೆಗಳಲ್ಲಿ ಒಂಬತ್ತು ಬಂದವು, ಎರಡು ತಲೆ ಮುರಿದುಕೊಂಡವು.

ಮರುದಿನ ಒಳಗಿನ ಹೊಟ್ಟೆ ತೆರೆದೆ.

ಇಲ್ಲಿ ನಿಮಗೆ ಒಂದು ವಿಷಯ ಹೇಳಲೇಬೇಕು. ಮಾಮೂಲಿ ಗಿಟಾರಿಗೆ ಪೊಳ್ಳು ಹೊಟ್ಟೆ ಇರುತ್ತದೆ, ತಂತಿಯ ದನಿ ಅದರೊಳಗೆ ದೊಡ್ಡದಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಮೈ ಗಟ್ಟಿ ಮರದ ಹಲಗೆ. ಅದರ ಕಿವಿ ಎಂದರೆ ತಂತಿಗಳ ಕೆಳಗೆ ಕೂತ ಪಿಕಪ್. ಪಿಕಪ್ ಎಂದರೆ ಆರು ಚಿಕ್ಕ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ, ಅಷ್ಟೇ. ಮೇಲಿನ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಬಲ ಅಲ್ಲಾಡುತ್ತದೆ. ಬಲ ಅಲ್ಲಾಡಿದರೆ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ಸಂಗತಿ ಇದು.

ಮೊಮ್ಮಗಳು ಕೇಳಿಸಿಕೊಂಡು ಹೊಳೆಯ ಕಡೆ ನೋಡಿದಳು. "ಜೋಗದಲ್ಲೂ ಇದೇ ಅಲ್ವಾ ಅಜ್ಜ? ನಮ್ಮ ಪುಸ್ತಕದಲ್ಲಿ ಚಿತ್ರ ಇದೆ."

ಇದೇ! ಶರಾವತಿಯ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿವೆ, ಒಟ್ಟು 1,035 ಮೆಗಾವಾಟ್. ನೀರು ಬಿದ್ದು ಚಕ್ರ ತಿರುಗುತ್ತದೆ, ಚಕ್ರದ ಜೊತೆ ಅಯಸ್ಕಾಂತ ತಿರುಗುತ್ತದೆ, ಸುತ್ತಲಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ನೀರು ಮತ್ತೆ ಗೇರುಸೊಪ್ಪೆಯಲ್ಲಿ ಇನ್ನೊಂದು ಸಲ ಚಕ್ರ ತಿರುಗಿಸಿ ಕೆಳಗೆ ಬರುತ್ತದೆ. ಅಲ್ಲಿ 240 ಮೆಗಾವಾಟ್. ಆಮೇಲೆ ಕುರ್ವೆಯ ಎರಡೂ ಪಕ್ಕದಲ್ಲಿ ಹರಿದು ಸಮುದ್ರಕ್ಕೆ. ನಾವು ಕೂತ ಜಗುಲಿಯ ಮುಂದೆ ಹೋಗುತ್ತಿದ್ದ ನೀರು ಅಷ್ಟು ದೊಡ್ಡ ಕೆಲಸ ಮುಗಿಸಿ ಬಂದದ್ದು. ನನ್ನ ಕೈಯಲ್ಲಿದ್ದ ಬೆಂಕಿಪೆಟ್ಟಿಗೆಗಿಂತ ತುಸು ಉದ್ದದ ಪಿಕಪ್ ಅದೇ ಕೆಲಸದ ಮರಿ. ಅಲ್ಲಿ ಹೊಳೆ ಮಾಡುವುದನ್ನು ಇಲ್ಲಿ ಬೆರಳು ಮಾಡುತ್ತದೆ. ಅಂಗಡಿಯಲ್ಲಿ ಇಷ್ಟು ವರ್ಷ ಕೂತರೂ ನನಗೆ ಇದು ಹೊಳೆದಿರಲಿಲ್ಲ ನೋಡಿ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಸ್ಟ್ರಾಟೊಕಾಸ್ಟರ್ ಗಿಟಾರನ್ನು 1954ರಲ್ಲಿ ಹೊರತಂದ ಲಿಯೊ ಫೆಂಡರ್ ಮೂಲದಲ್ಲಿ ಗಿಟಾರ್ ನುಡಿಸುವವರೇ ಅಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು! ಇದನ್ನು ಹೇಳುವಾಗ ನಾನು ಸ್ವಲ್ಪ ಎದೆ ಉಬ್ಬಿಸಿದೆನಂತೆ. ಅತ್ತಿಗೆ, "ಅವ್ರು ಕರೆದಾಗ ಹೋಗ್ತಿದ್ರೋ ಏನೋ" ಎಂದು ಒಳಗೆ ಹೋದರು.

ಮೀಟರು ಹಿಡಿದು ನೋಡಿದೆ. ಮೇಲಿನ ಪಿಕಪ್ಪಿಗೂ ಕೆಳಗಿನದಕ್ಕೂ ಜೀವ ಇತ್ತು, ಒಂದೊಂದೂ ಆರು ಸಾವಿರ ಓಂ ಆಸುಪಾಸು. ನಡುವಿನದು ಸತ್ತಿತ್ತು. ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಉಪ್ಪುಗಾಳಿಯ ತೇವ ಒಳಗೆ ಹೋಗಿ ತಾಮ್ರವನ್ನು ಎಲ್ಲೋ ಒಂದು ಕಡೆ ಕಡಿದಿತ್ತು. ಹೊಸ ಪಿಕಪ್ ತರಿಸಬಹುದಿತ್ತು. ಆದರೆ ಅಯಸ್ಕಾಂತ ಚೆನ್ನಾಗಿಯೇ ಇತ್ತು, ನನ್ನ ಪೆಟ್ಟಿಗೆಯಲ್ಲಿ 46 ನಂಬರಿನ ತಂತಿ ಇತ್ತು. ಹೊಸದಾಗಿ ಸುತ್ತುವುದೆಂದು ತೀರ್ಮಾನಿಸಿದೆವು. ಸುಮಾರು 7,500 ಸುತ್ತು ಬೇಕು.

ಕೈಯಲ್ಲಿ ಸುತ್ತಿದರೆ ದೀಪಾವಳಿಯಾದೀತು. ಅತ್ತಿಗೆಯ ಹೊಲಿಗೆ ಯಂತ್ರ ನೆನಪಾಯಿತು. ಬಾಬಿನ್ನಿಗೆ ದಾರ ತುಂಬುವ ಪುಟ್ಟ ಗಾಲಿ ಅದರ ಪಕ್ಕದಲ್ಲಿ ಇರುತ್ತದಲ್ಲ, ಅದಕ್ಕೆ ಪಿಕಪ್ಪನ್ನು ಮರದ ತುಂಡಿನಿಂದ ಬಿಗಿದೆ. ಮೊಮ್ಮಗಳು ಸೀಮೆಸುಣ್ಣದ ಗೆರೆ ಹಾಕಿ ನೋಡಿದಳು. ದೊಡ್ಡ ಗಾಲಿ ಒಂದು ಸುತ್ತು ಬಂದರೆ ಚಿಕ್ಕದು ಆರು ಸುತ್ತು. ಹಾಗಾದರೆ ದೊಡ್ಡ ಗಾಲಿಯನ್ನು ಎಷ್ಟು ಸುತ್ತು ತಿರುಗಿಸಬೇಕು? ಓದುವ ಮಕ್ಕಳು ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಮಾಡಿ. ಅವಳು ನನಗಿಂತ ಮೊದಲು ಹೇಳಿದಳು: 1,250.

ಅವಳು ತಿರುಗಿಸುತ್ತ ಎಣಿಸಿದಳು. ನಾನು ಬೆರಳ ತುದಿಯಲ್ಲಿ ತಂತಿ ಹಿಡಿದು ಆಚೆ ಈಚೆ ಆಡಿಸಿದೆ. ಜಗ್ಗಿದರೆ ಕಡಿಯುತ್ತದೆ, ಬಿಟ್ಟರೆ ಸಡಿಲಾಗುತ್ತದೆ. ಎಂಟುನೂರರ ಹತ್ತಿರ ಬಂದಾಗ ಹೊರಗೆ ತೆಂಗಿನಕಾಯಿ ಧೊಪ್ಪನೆ ಬಿತ್ತು, ನಾನು ಬೆಚ್ಚಿದೆ, ತಂತಿ ಕಡಿಯಿತು. ಕಣ್ಣಿಗೆ ಕಾಣದ ತುದಿಯನ್ನು ಹುಡುಕಿ ಜೋಡಿಸಬಹುದಿತ್ತೇನೋ. ಎಪ್ಪತ್ತೊಂದರ ಕಣ್ಣಿಗೆ ಅದು ಆಗಲಿಲ್ಲ. ಎಲ್ಲ ಕತ್ತರಿಸಿ ತೆಗೆದು ಮತ್ತೆ ಒಂದರಿಂದ ಶುರು. ಎರಡನೇ ಸಲ ಅಣ್ಣನ ಮಗನನ್ನು ಅಂಗಳದಲ್ಲಿ ಕಾವಲಿಗೆ ನಿಲ್ಲಿಸಿದ್ದೆವು, ತೆಂಗಿನಕಾಯಿಯನ್ನು ಅವನು ಹೇಗೆ ತಡೆಯುತ್ತಿದ್ದನೋ ಗೊತ್ತಿಲ್ಲ. ಮುಗಿದಾಗ ಮೀಟರು ಐದೂಮುಕ್ಕಾಲು ಸಾವಿರ ಓಂ ತೋರಿಸಿತು.

ಸುತ್ತಿದ ಮೇಲೆ ಮೇಣದಲ್ಲಿ ಅದ್ದಬೇಕು. ಸುರುಳಿಗಳ ನಡುವೆ ಸಂದಿ ಉಳಿದರೆ ತಂತಿಗಳು ಒಳಗೊಳಗೇ ಅದುರಿ, ಆಂಪ್ಲಿಫೈಯರ್ ಜೋರು ಮಾಡಿದಾಗ ಕಿರುಚುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಮೇಣದಬತ್ತಿ ಕರಗಿಸಿ, ಸ್ವಲ್ಪ ಜೇನುಮೇಣ ಸೇರಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಪಿಕಪ್ಪನ್ನು ಅದರಲ್ಲಿ ಮುಳುಗಿಸಿದೆ. ನಾನು ಒಳಗಿನ ಪಾತ್ರೆ ಎಂದು ಎತ್ತಿಕೊಂಡದ್ದು ಅತ್ತಿಗೆಯ ಒಗ್ಗರಣೆ ಸೌಟು. ಆ ಕಥೆ ಇಲ್ಲಿ ಬೇಡ.

ಇಷ್ಟರ ತನಕ ಎಲ್ಲ ನನ್ನ ಕೆಲಸ. ಕಷ್ಟ ಬಂದದ್ದು ಮರದ ಕೆಲಸದಲ್ಲಿ.

ಗಿಟಾರಿನ ಕತ್ತಿನ ಮೇಲೆ ಬೆರಳೊತ್ತುವ ಹಲಗೆ ಬೀಟೆಯದು. ಕಪ್ಪು ಗೆರೆಯ, ನೇರಳೆ ಛಾಯೆಯ ಮರ. ಬೀಟೆ ನಮ್ಮ ಘಟ್ಟದ್ದೇ ಮರ. ಮೊದಲು ಲೋಕದ ದೊಡ್ಡ ಗಿಟಾರ್ ತಯಾರಕರು ಬ್ರೆಜಿಲ್ಲಿನ ಬೀಟೆ ಜಾತಿಯ ಮರ ಬಳಸುತ್ತಿದ್ದರು. 1960ರ ದಶಕದ ಕೊನೆಗೆ ಅದು ಸಿಗದಂತಾದಾಗ ನಮ್ಮ ದೇಶದ ಬೀಟೆಯ ಕಡೆ ತಿರುಗಿದರು. ಈಗ ನಮ್ಮಲ್ಲೂ ಅದು ಕಡಿಮೆಯಾಗಿದೆ. 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂತು, 2019ರಲ್ಲಿ ತಯಾರಾದ ವಾದ್ಯಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. ಅಮೆರಿಕದ ಯಾವುದೋ ವೇದಿಕೆಯಲ್ಲಿ ಯಾರೋ ಬೆರಳು ಆಡಿಸುವಾಗ ಆ ಬೆರಳಿನ ಕೆಳಗೆ ನಮ್ಮ ಪಶ್ಚಿಮಘಟ್ಟದ ತುಂಡೊಂದು ಇರಬಹುದು.

ಹಲಗೆಯ ಮೇಲೆ 21 ಲೋಹದ ಮೆಟ್ಟುಗಳು, ಫ್ರೆಟ್ ಎನ್ನುತ್ತಾರೆ. ವೀಣೆಯಲ್ಲಿ 24 ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ, ಮೇಣ ಬಿಸಿ ಮಾಡಿ ಸರಿಸಬಹುದು. ಗಿಟಾರಿನಲ್ಲಿ ಮರವನ್ನೇ ಕೊಯ್ದು ಬಡಿದು ಕೂರಿಸುತ್ತಾರೆ. ಅಣ್ಣನ ಗಿಟಾರಿನ ಮೊದಲ ನಾಲ್ಕು ಮೆಟ್ಟುಗಳಲ್ಲಿ ತಂತಿ ಉಜ್ಜಿ ಉಜ್ಜಿ ಗುಳಿ ಬಿದ್ದಿತ್ತು. ಅಲ್ಲಿ ಒತ್ತಿದರೆ ಸ್ವರ ಝಿರ್ ಎನ್ನುತ್ತದೆ.

ಹೊನ್ನಾವರದ ಒಬ್ಬ ಗುಡಿಗಾರರನ್ನು ಕರೆಸಿದೆವು. ಹೊನ್ನಾವರ, ಕುಮಟಾ, ಶಿರಸಿ, ಸಾಗರಗಳಲ್ಲಿ ಗಂಧ, ದಂತ, ಬೆಂಡು ಕೆತ್ತುತ್ತ ಬಂದ ಮನೆತನಗಳು ಅವರವು. ಅವರು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಿದರು. "ಎಲ್ಲ ಮೆಟ್ಟು ಕೀಳ್ಬೇಕು. ಹಲಗೆಗೆ ಉಳಿ ಹೊಡೆದು ಸಪಾಟು ಮಾಡ್ಬೇಕು. ಹೊಸ ಮೆಟ್ಟು ಹಾಕಿದ್ರೆ ಅಂಗಡಿಯಿಂದ ತಂದ ಹಾಗೆ ಆಗ್ತದೆ." ಕೆಲಸದ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ನಾನೂ ತಲೆಯಾಡಿಸಿದೆ.

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವರು ಹತ್ತಿರ ಬಂದರು. ಹಲಗೆಯ ಮೇಲೆ ಕೈಯಿಟ್ಟರು. ಆಮೇಲೆ ಮೊಮ್ಮಗಳ ತೋರುಬೆರಳು ಹಿಡಿದು ಮೆಟ್ಟುಗಳ ನಡುವಿನ ಮರದ ಮೇಲೆ ಒಂದೆಡೆ ಇಟ್ಟರು.

"ಇಲ್ಲಿ ಎಂತ ಉಂಟು ಹೇಳು ಕೂಸೇ."

"ಗುಂಡಿ... ಚಿಕ್ಕದು."

"ಇಲ್ಲಿ?"

"ಇಲ್ಲೂ."

ಅಲ್ಲಿ ಮರ ಸವೆದಿತ್ತು. ಒಂದು ಕಡೆ ಅಲ್ಲ, ಏಳೆಂಟು ಕಡೆ. ಅಣ್ಣ ಹದಿನೈದು ವರ್ಷ ಬೆರಳು ಒತ್ತಿದ ಜಾಗಗಳು. ನಾನು ನಾಲ್ಕು ದಿನದಿಂದ ಆ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದ್ದೆ, ಮೀಟರು ಹಚ್ಚಿದ್ದೆ, ಬೆರಳು ಹಚ್ಚಿರಲಿಲ್ಲ. ಉಳಿ ಹೊಡೆದರೆ ಆ ಗುಂಡಿಗಳು ಸಿಪ್ಪೆಯಾಗಿ ಅಂಗಳದಲ್ಲಿ ಬೀಳುತ್ತಿದ್ದವು.

"ತಮಾ, ಅದು ಕೂಗುವುದೇ ಬೇಡ. ಇದು ಇರಲಿ" ಎಂದರು ಅತ್ತಿಗೆ.

ಮೊಮ್ಮಗಳ ಮುಖ ಸಣ್ಣದಾಯಿತು. ಗುಡಿಗಾರರು ಬೀಡಿ ಹಚ್ಚಲು ಅಂಗಳಕ್ಕೆ ಇಳಿದರು. ನನಗೆ ಆಗ ಸಿಟ್ಟು ಬಂದದ್ದು ನಿಜ. ಇಷ್ಟು ದೂರ ಬಂದು, 12,000ಕ್ಕೂ ಹೆಚ್ಚು ಸುತ್ತು ಸುತ್ತಿ, ಈಗ ಬೇಡವೆಂದರೆ? ಬಾಯಿ ತೆರೆದವನು ಮುಚ್ಚಿಕೊಂಡೆ. ಮೂವತ್ತು ವರ್ಷ ತಡವಾಗಿ ಬಂದವನಿಗೆ ಸಿಟ್ಟಿನ ಹಕ್ಕು ಎಷ್ಟು?

ರಾತ್ರಿ ನಿದ್ದೆ ಬರಲಿಲ್ಲ. ಹೊಳೆಯಲ್ಲಿ ಬಲೆ ಹಾಕುವವರ ಮಾತು ಕೇಳುತ್ತಿತ್ತು. ಬೆಳಿಗ್ಗೆ ಗುಡಿಗಾರರು ತಾವಾಗಿಯೇ ಮತ್ತೆ ಬಂದರು. ಅವರಿಗೂ ತಲೆಯಲ್ಲಿ ಅದೇ ಕೊರೆಯುತ್ತಿತ್ತಂತೆ. "ಮರ ಮುಟ್ಟುವುದು ಬೇಡ. ಮೆಟ್ಟು ಕೀಳುವುದೂ ಬೇಡ. ಮೆಟ್ಟಿನ ತಲೆ ಮಾತ್ರ ಅರದಿಂದ ಉಜ್ಜುವಾ. ಗುಳಿ ಎಷ್ಟು ಆಳ ಉಂಟೋ ಅಷ್ಟು ಎಲ್ಲವನ್ನೂ ತಗ್ಗಿಸಿದರೆ ಸಮ ಆಗ್ತದೆ. ಮೆಟ್ಟು ಸ್ವಲ್ಪ ಕುಳ್ಳಾಗ್ತದೆ. ನುಡಿಸುವವರಿಗೆ ಸ್ವಲ್ಪ ಕಷ್ಟ."

"ಎಷ್ಟು ಕಷ್ಟ?" ಮೊಮ್ಮಗಳು ಕೇಳಿದಳು.

"ನಿನ್ನ ಬೆರಳು ಮರಕ್ಕೆ ತಾಗ್ತದೆ. ಅವ್ರದ್ದು ತಾಗಿದ ಹಾಗೆ."

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ಡಿಲ್ಲ" ಎಂದರು.

ಹಾಗೇ ಮಾಡಿದೆವು. ಮರದ ಮೇಲೆ ಕಾಗದದ ಅಂಟುಪಟ್ಟಿ ಹಚ್ಚಿ, ಮೆಟ್ಟು ಮಾತ್ರ ಹೊರಗೆ ಕಾಣುವಂತೆ ಮಾಡಿ, ಉದ್ದ ಅರ ಆಡಿಸಿದರು. ಆಮೇಲೆ ಒಂದೊಂದರ ತಲೆಯನ್ನೂ ಮತ್ತೆ ದುಂಡಗೆ ಮಾಡಿದರು. ಎರಡು ದಿನ ಹಿಡಿಯಿತು. ಕೊನೆಗೆ ಅಂಟುಪಟ್ಟಿ ಕಿತ್ತು, ಒಣಗಿದ ಬೀಟೆಗೆ ಅಗಸೆ ಎಣ್ಣೆ ತೆಳ್ಳಗೆ ಸವರಿದಾಗ ಮರ ಕಪ್ಪಾಗಿ ಹೊಳೆಯಿತು. ಗುಂಡಿಗಳು ಇನ್ನೂ ಚೆನ್ನಾಗಿ ಕಂಡವು.

ಉಳಿದದ್ದು ಬೇಗ ಆಯಿತು. ತಲೆಯ ಬುಡದಲ್ಲಿ ತಂತಿಗಳನ್ನು ಬಿಡಿಬಿಡಿಯಾಗಿ ಕೂರಿಸುವ ಪಟ್ಟಿ ಒಡೆದಿತ್ತು. ಪೇಟೆಯ ಅಕ್ಕಸಾಲಿಗರು ಹಿತ್ತಾಳೆಯಲ್ಲಿ ಹೊಸದನ್ನು ಮಾಡಿ, ಆರು ಕಚ್ಚು ಕೊಯ್ದು ಕೊಟ್ಟರು. ಮೂಗುತಿಯ ಕೆಲಸ ಮಾಡುವ ಕೈ, ಇದಕ್ಕೆ ಮಾಪನವೇ ಬೇಕಾಗಲಿಲ್ಲ. ಹೊಟ್ಟೆಯೊಳಗೆ ತಾಮ್ರದ ತೆಳು ತಗಡು ಹಾಸಿದೆ. ಇಲ್ಲದಿದ್ದರೆ ಟ್ಯೂಬ್‌ಲೈಟು, ಫ್ಯಾನು ಎಲ್ಲದರ ಗುಂಯ್ ಪಿಕಪ್ಪಿಗೆ ಕೇಳುತ್ತದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದಲ್ಲ, ಆ ಗುಂಯ್. ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತಿದ್ದ ಎರಡು ಕಂಟ್ರೋಲುಗಳನ್ನು ತೊಳೆದೆ, ಒಂದನ್ನು ಬದಲಾಯಿಸಿದೆ.

ಇನ್ನು ಅಲಂಕಾರ. ಮೊಮ್ಮಗಳಿಗೆ ಇಡೀ ಗಿಟಾರಿಗೆ ಹಸಿರು ನೀಲಿ ಬಣ್ಣ ಹೊಡೆಯುವ ಆಸೆ ಇತ್ತು. ಅತ್ತಿಗೆಯ ಮುಖ ನೋಡಿ ಅವಳೇ ಬಿಟ್ಟಳು. ಬದಲಿಗೆ, ಸೀಳಿದ ಪ್ಲಾಸ್ಟಿಕ್ ತಗಡಿನ ಜಾಗಕ್ಕೆ ಏನಾದರೂ ತನ್ನದು ಇರಲಿ ಎಂದಳು. ಮಾಳಿಗೆಯಲ್ಲಿ ಮುರಿದ ಮಂಚದ ಬೀಟೆಯ ಹಲಗೆ ಒಂದಿತ್ತು. ಗುಡಿಗಾರರು ಅದರಿಂದ ಮೂರು ಮಿಲಿಮೀಟರ್ ದಪ್ಪದ ಪದರ ಕೊಯ್ದು, ಅವಳು ಕಾಗದದ ಮೇಲೆ ಬರೆದುಕೊಟ್ಟ ಮಾವಿನೆಲೆಯ ಸಾಲನ್ನು ಅಂಚಿಗೆ ಕೆತ್ತಿದರು. ಒಂದು ಎಲೆ ಸೊಟ್ಟ ಬರೆದಿದ್ದಳು, ಅದನ್ನೂ ಸೊಟ್ಟವಾಗಿಯೇ ಕೆತ್ತಿಕೊಟ್ಟರು. ಮೂರು ಗುಂಡಿಗಳಿಗೆ ಕರಟ. ಅದನ್ನು ಉಜ್ಜಿ ಹೊಳಪು ತಂದದ್ದು ಅಣ್ಣನ ಮಗ, ಕಾವಲುಗಾರಿಕೆಯಲ್ಲಿ ಕಳೆದ ಮಾನ ಅವನಿಗೆ ಅಲ್ಲಿ ವಾಪಸು ಸಿಕ್ಕಿತು.

ಎಂಟನೇ ದಿನ ಸಂಜೆ ಹೊಸ ತಂತಿ ಕಟ್ಟಿದೆವು. ತಂತಿಯ ಉದ್ದ 648 ಮಿಲಿಮೀಟರ್. ಹನ್ನೆರಡನೇ ಮೆಟ್ಟು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರಬೇಕು. ಅಲ್ಲಿ ಒತ್ತಿ ಮೀಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಮೊಮ್ಮಗಳು ಅಳತೆಪಟ್ಟಿ ಹಿಡಿದು ನೋಡಿ ಸರಿ ಎಂದಳು. ಹಳೆಯ ರೇಡಿಯೊದ ಮರದ ಪೆಟ್ಟಿಗೆಯಲ್ಲಿ ನಾನೇ ಕಟ್ಟಿದ ಪುಟ್ಟ ಆಂಪ್ಲಿಫೈಯರನ್ನು ಸಾಗರದಿಂದ ತಂದಿದ್ದೆ. ಅಕ್ಕಪಕ್ಕದ ಮನೆಯವರು ಜಗುಲಿಗೆ ಬಂದು ಕೂತರು. ಗುಡಿಗಾರರು ಕೂಡ. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಮೊಮ್ಮಗಳು ಮೇಲಿನ ದಪ್ಪ ತಂತಿ ಮೀಟಿದಳು.

ಜಗುಲಿಯ ಹಲಗೆ ಗುಂ ಎಂದಿತು. ನಡುವಿನ ಪಿಕಪ್ಪಿಗೆ ತಿರುಗಿಸಿದಳು, ಅದೂ ಕೂಗಿತು. ಅಂಗಳದ ನಾಯಿ ಎದ್ದು ಓಡಿತು. ಎಲ್ಲರೂ ನಕ್ಕರು. ಅವಳು ಶಾಲೆಯ ಗೆಳತಿಯಿಂದ ಕಲಿತ ಮೂರು ಹಿಡಿತಗಳಲ್ಲಿ ಮೊದಲನೆಯದನ್ನು ಹಿಡಿದು ಎಲ್ಲ ತಂತಿ ಒಟ್ಟಿಗೆ ಮೀಟಿದಳು. ಎರಡನೆಯದಕ್ಕೆ ಬೆರಳು ಸರಿಸುವಷ್ಟರಲ್ಲಿ ಗುಡುಗು ಹೊಡೆದು ಕರೆಂಟು ಹೋಯಿತು.

ಇಡೀ ಕುರ್ವೆ ಕತ್ತಲು. ಮುಂದೆ ಹೊಳೆ ಮಾತ್ರ ಬೆಳ್ಳಗೆ ಕಾಣುತ್ತಿತ್ತು, ಜೋಗದಿಂದ ಚಕ್ರ ತಿರುಗಿಸಿ ಬಂದ ಅದೇ ನೀರು. ಯಾರೋ ಅಪ್ಪಯ್ಯನ ಹಳೆಯ ಮಾತು ನೆನಪಿಸಿಕೊಂಡು ಹೇಳಿದರು, ಮತ್ತೆ ನಗು. ಒಬ್ಬೊಬ್ಬರೇ ಮಳೆ ಬರುವ ಮುಂಚೆ ಮನೆಗೆ ಹೋದರು.

ಮೊಮ್ಮಗಳು ನಿಲ್ಲಿಸಲಿಲ್ಲ. ಕರೆಂಟು ಇಲ್ಲದ ಎಲೆಕ್ಟ್ರಿಕ್ ಗಿಟಾರಿಗೆ ದನಿ ಇಲ್ಲವೆಂದಲ್ಲ, ಇರುವೆ ನಡೆದಷ್ಟು ದನಿ. ಅತ್ತಿಗೆ ಚಿಮಣಿ ದೀಪ ತಂದು ಮಣೆ ಎಳೆದುಕೊಂಡು ಅವಳ ಮಗ್ಗುಲಲ್ಲೇ ಕೂತರು. ಕಿವಿ ಹತ್ತಿರ ತಂದರು. ಬಹಳ ಹೊತ್ತು ಕೇಳಿದರು.

"ಕೂಸೇ, ಆ ಎರಡ್ನೇ ತಂತಿ ಅಷ್ಟು ಬಿಗಿ ಮಾಡ್ತಿರ್ಲಿಲ್ಲ ಅವ್ರು. ಸ್ವಲ್ಪ ಬಿಡು."

ನಾನು ಮೀಟರು ಹಿಡಿದು ಮಾಡಿದ ಶ್ರುತಿ ಅದು, ಸರಿಯಾಗಿಯೇ ಇತ್ತು. ಮೊಮ್ಮಗಳು ನನ್ನ ಕಡೆ ನೋಡಿದಳು. ಬಿರಡೆ ತಿರುಗಿಸು ಎಂದು ಕೈಸನ್ನೆ ಮಾಡಿದೆ.